ರಾತ್ರಿ ಹೊರಗಿಟ್ಟ ಅನ್ನವನ್ನು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿದರೆ ಸಾಕಾ?

ಅಂಧೇರಿಯಲ್ಲಿ ಗೆಳೆಯರ ಜೊತೆ ರೂಮ್ ಮಾಡಿಕೊಂಡಿದ್ದೇನೆ ಅಂದಿದ್ದೀರಿ. ರಾತ್ರಿ ಮಿಕ್ಕ ಅನ್ನ ಕುಕ್ಕರ್‌ನಲ್ಲೇ ಇರುತ್ತದೆ, ಬೆಳಿಗ್ಗೆ ಅದಕ್ಕೇ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿಕೊಳ್ಳುತ್ತೇವೆ, ಹಳಸಿದ ವಾಸನೆ ಇಲ್ಲದಿದ್ದರೆ ತೊಂದರೆ ಇಲ್ಲ ಅಲ್ವಾ ಅಂತ ನಿಮ್ಮ ಪ್ರಶ್ನೆ.

ತೊಂದರೆ ಇದೆ. ನಾನು ಇಲ್ಲೇ ಮುಂಬೈಯಲ್ಲಿ ಒಂದು ಉಡುಪಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವವನು. ಕೊಬ್ಬರಿ ಚಟ್ನಿ ಅಂದರೆ ಎಲ್ಲರೂ ಹುಷಾರಾಗಿರುತ್ತಾರೆ. ಅನ್ನಕ್ಕೆ ಮಾತ್ರ ಯಾರೂ ಹೆದರುವುದಿಲ್ಲ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಹೊಲದ ಮಣ್ಣಿನಿಂದಲೇ ಬಂದಿರಬಹುದು. ಕುದಿಸಿದರೂ ಅದರ ಸ್ಪೋರ್‌ಗಳು, ಅಂದರೆ ಬೀಜದ ಹಾಗೆ ಮಲಗಿರುವ ರೂಪಗಳು, ಸಾಯುವುದಿಲ್ಲ, ಗಟ್ಟಿ ಕವಚದೊಳಗೆ ಸುಮ್ನೆ ಕೂತಿರುತ್ತವೆ. ಅನ್ನ ಬೆಚ್ಚಗೆ ಉಳಿದಾಗ ಮೊಳೆತು ಬೆಳೆಯುತ್ತವೆ, ವಿಷವನ್ನೂ ಬಿಡುತ್ತವೆ. ಬೆಳಿಗ್ಗೆ ನಿಮ್ಮ ಬಾಣಲೆಯಲ್ಲಿ ಬ್ಯಾಕ್ಟೀರಿಯಾ ಸತ್ತರೂ ಈ ವಿಷ ಹೋಗುವುದಿಲ್ಲ. ಪ್ರೆಷರ್ ಕುಕ್ಕರ್‌ನ 120 ಡಿಗ್ರಿ ಶಾಖಕ್ಕೂ ಅದು ಜಗ್ಗುವುದಿಲ್ಲ. ಅನ್ನಕ್ಕೆ ವಾಸನೆಯೂ ಬರಬೇಕಾಗಿಲ್ಲ, ರುಚಿಯೂ ಕೆಡಬೇಕಾಗಿಲ್ಲ. ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ, ಅಂದರೆ ನೀವು ಆಫೀಸಿನಲ್ಲಿರುವ ಹೊತ್ತಿಗೆ. 1970ರ ದಶಕದಲ್ಲಿ ಬ್ರಿಟನ್‌ನ ಚೈನೀಸ್ ಹೋಟೆಲುಗಳಲ್ಲಿ ಹೀಗೇ ಆಗಿತ್ತು. ಬೇಯಿಸಿ ಹೊರಗಿಟ್ಟಿದ್ದ ಅನ್ನದಿಂದ ಫ್ರೈಡ್ ರೈಸ್ ಮಾಡಿದ್ದರು. ಈಗಲೂ ಈ ಕಾಯಿಲೆಗೆ ಫ್ರೈಡ್ ರೈಸ್ ಸಿಂಡ್ರೋಮ್ ಅಂತಲೇ ಹೆಸರು. ನಮ್ಮ ಉಡುಪಿ ಹೋಟೆಲುಗಳಲ್ಲೂ ಶೆಜ್ವಾನ್ ರೈಸ್ ಇರುತ್ತದಲ್ಲ, ಅದಕ್ಕೇ ಹೇಳಿದೆ.

ಕುಕ್ಕರ್ ಮುಚ್ಚಳ ಹಾಕಿಡುವುದಂತೂ ಇನ್ನೂ ಕೆಟ್ಟದ್ದು. ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾಗೆ ಹಬ್ಬ. ಮುಂಬೈಯಲ್ಲಿ ಮೇ ತಿಂಗಳ ರಾತ್ರಿಯೂ 27–28 ಡಿಗ್ರಿ ಇರುವಾಗ ಅನ್ನ ತಣ್ಣಗಾಗುವುದಾದರೂ ಹೇಗೆ? ಹೋಟೆಲಿನಲ್ಲಿ ನಾವು ಬಿಸಿಯದನ್ನು 60ರ ಮೇಲೆ, ತಣ್ಣನೆಯದನ್ನು 5ರ ಕೆಳಗೆ ಇಡಬೇಕು ಅನ್ನುವುದು ಇದಕ್ಕೇ.

ನೀವು ಚಿತ್ರಾನ್ನ ಬಿಡಬೇಕಾಗಿಲ್ಲ. ಊಟ ಆದ ಕೂಡಲೇ ಮಿಕ್ಕ ಅನ್ನವನ್ನು ಅಗಲ ತಟ್ಟೆಗೆ ತೆಳ್ಳಗೆ ಹರಡಿ, ಫ್ಯಾನ್ ಕೆಳಗೆ ಆರಿಸಿ. ಹಬೆ ಹೋದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಬೆಂದಾಗಿನಿಂದ ಲೆಕ್ಕ ಹಾಕಿದರೆ ಎರಡು ಗಂಟೆ ದಾಟಬಾರದು, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಮರುದಿನ ಎಷ್ಟು ಬೇಕೋ ಅಷ್ಟನ್ನೇ ತೆಗೆದು ಹಬೆಯಾಡುವಷ್ಟು ಬಿಸಿ ಮಾಡಿ. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಮಾತ್ರ ಎಸೆಯಿರಿ. ಅನ್ನ ಎಸೆಯುವುದು ನಮ್ಮವರಿಗೆ ಸಂಕಟ, ಗೊತ್ತು. ಹಾಗಿದ್ದರೆ ಅರ್ಧ ಲೋಟ ಅಕ್ಕಿ ಕಮ್ಮಿ ಹಾಕಿ.

ಊರಲ್ಲಿ ಅಜ್ಜಿ ತಂಗಳನ್ನ ಉಣ್ಣುತ್ತಿದ್ದರಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರು ಅನ್ನಕ್ಕೆ ನೀರು ಹಾಕಿ ಹುಳಿ ಬರಿಸುತ್ತಿದ್ದರು. ಆ ಹುಳಿಯಲ್ಲಿ ಇಂಥ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಕುಕ್ಕರ್‌ನಲ್ಲಿ ಒಣಗಿ ಕೂತ ಅನ್ನದ ಕತೆ ಬೇರೆ.

ಈಗಾಗಲೇ ತಿಂದು ವಾಂತಿ ಶುರುವಾಗಿದ್ದರೆ ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಯಿರಿ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ 102 ದಾಟಿದರೆ, ಮೂತ್ರ ಕಮ್ಮಿಯಾದರೆ ಡಾಕ್ಟರ ಹತ್ತಿರ ಹೋಗಿ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರಾದರೆ ಇಷ್ಟೆಲ್ಲ ಕಾಯಬೇಡಿ.