ಪ್ರತಿಕ್ರಿಯೆ: ವಾಟ್ಸಾಪ್ ಬ್ರಾಡ್‌ಕಾಸ್ಟ್ ಗಿರಾಕಿಗಳಿಗೆ ತಲುಪುತ್ತಿಲ್ಲ

ಮೇಡಂ, ಚಕ್ಕುಲಿ, ಕೋಡುಬಳೆಯ ದರಪಟ್ಟಿಯನ್ನು 200 ಜನಕ್ಕೆ ಬ್ರಾಡ್‌ಕಾಸ್ಟ್ (ಒಂದೇ ಮೆಸೇಜನ್ನು ಒಮ್ಮೆಲೇ ಎಲ್ಲರಿಗೂ ಬೇರೆಬೇರೆಯಾಗಿ ಕಳಿಸುವುದು) ಮಾಡಿದರೂ ಮೆಸೇಜ್ ಇನ್ಫೋದಲ್ಲಿ ತಲುಪಿದವರು ಬೆರಳೆಣಿಕೆಯಷ್ಟೇ ಅಂದಿರಿ. ಫೋನಿನ ದೋಷವಲ್ಲ ಅದು. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಬ್ರಾಡ್‌ಕಾಸ್ಟ್ ಹೋಗುತ್ತದೆ. ನೀವು ಅವರದನ್ನು ಸೇವ್ ಮಾಡಿದರೆ ಸಾಲದು. ಒಂದು ಪಟ್ಟಿಗೆ 256 ಜನರ ಮಿತಿ ಬೇರೆ.

ಹಾಗಂತ ಎಲ್ಲರನ್ನೂ ಗ್ರೂಪಿಗೆ ಎಳೆಯಬೇಡಿ. ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಒಬ್ಬರು ರೇಟು ಜಾಸ್ತಿ ಅಂದರೆ ಉಳಿದವರೂ ಶುರು.

ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ ಸಿಗುವ ಕ್ಯೂಆರ್ ಕೋಡನ್ನು ಸ್ಟಿಕ್ಕರ್ ಮಾಡಿಸಿ ಪ್ಯಾಕೆಟ್ಟಿನ ಮುಂಭಾಗಕ್ಕೇ ಅಂಟಿಸಿ. ಹಿಂಭಾಗ ಯಾರೂ ನೋಡುವುದಿಲ್ಲ. ಸ್ಕ್ಯಾನ್ ಮಾಡಿ ಮೆಸೇಜ್ ಹಾಕಿದವರಿಗೆ ತಕ್ಷಣ, “ನಂಬರ್ ಸೇವ್ ಮಾಡ್ಕೊಳ್ಳಿ, ಗೌರಿ ಹಬ್ಬದ ಆರ್ಡರ್ ಶುರುವಾದ ದಿನವೇ ತಿಳಿಸ್ತೀವಿ” ಎಂದು ಬರೆಯಿರಿ. ವಾರಕ್ಕೆ ಒಂದೇ ಮೆಸೇಜ್ ಸಾಕು. ದಿನಾ ಶುಭೋದಯ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ತುಂಬ ಜನ ರಿಪೋರ್ಟ್ ಮಾಡಿದರೆ ಖಾತೆಯೇ ಬಂದ್ ಆಗಬಹುದು.