ಜರ್ಮನಿಯಲ್ಲಿ ಹಳೇ ಕ್ಯಾಂಪರ್ ವ್ಯಾನಿಗೆ ಎಚ್ ನಂಬರ್ ಮಾಡಿಸುವುದು ಹೇಗೆ?

ಸ್ಟುಟ್‌ಗಾರ್ಟ್‌ಗೆ ಬಂದಿದ್ದೀರಿ, 1989ರ ಫೋಕ್ಸ್‌ವ್ಯಾಗನ್ ಟಿ3 ಡೀಸೆಲ್ ಕ್ಯಾಂಪರ್ ನೋಡಿಟ್ಟಿದ್ದೀರಿ, ಅದಕ್ಕೆ ಎಚ್ ನಂಬರ್, ಅಂದರೆ ಹಳೇ ಗಾಡಿಗಳಿಗೆ ಕೊಡುವ, ಕೊನೆಯಲ್ಲಿ H ಅಕ್ಷರ ಇರುವ ನಂಬರ್ ಪ್ಲೇಟ್ ಸಿಗುತ್ತಾ, ಇನ್ಶೂರೆನ್ಸ್ ಹೇಗೆ ಅಂತ ಕೇಳಿದ್ದೀರಿ. ನನ್ನ ಹತ್ತಿರವೂ ಟಿ3 ಇದೆ. ಸಿಗುತ್ತದೆ, ಆದರೆ ಈಗಲೇ ಮುಂಗಡ ಕೊಡಬೇಡಿ.

ಮೊದಲ ಸಲ ರಿಜಿಸ್ಟರ್ ಆಗಿ 30 ವರ್ಷ ತುಂಬಿರಬೇಕು, ಅದು ತುಂಬಿದೆ. ಆದರೆ ವಯಸ್ಸೊಂದೇ ಸಾಲದು. ಗಾಡಿ ಹೆಚ್ಚುಕಡಿಮೆ ಮೂಲ ರೂಪದಲ್ಲೇ ಇದೆ, ಸ್ಥಿತಿಯೂ ಚೆನ್ನಾಗಿದೆ ಅಂತ ಟ್ಯೂಫ್ ಅಥವಾ ಡೆಕ್ರಾದಂಥ ವಾಹನ ತಪಾಸಣೆ ಸಂಸ್ಥೆಯ ಪರೀಕ್ಷಕರು ಬರೆದುಕೊಡಬೇಕು. ಕ್ಯಾಂಪರ್ ಆದರೆ ಅವರು ಎಂಜಿನ್ನು, ತುಕ್ಕು ನೋಡಿ ಬಿಡುವುದಿಲ್ಲ. ಒಳಗಿನ ಮಂಚ, ಕಪಾಟು, ಒಲೆ ಆ ಕಾಲದ್ದೇನಾ ಅಂತಲೂ ನೋಡುತ್ತಾರೆ. ನನ್ನ ವ್ಯಾನಿನಲ್ಲಿ ಹಿಂದಿನವರು ಹಳೇ ಕಪಾಟು ಕಿತ್ತು ಹೊಸ ಪ್ಲೈವುಡ್ ಹಾಕಿಸಿದ್ದರು, ನೋಡೋಕೆ ತುಂಬಾ ಚೆನ್ನಾಗಿತ್ತು, ಮಾರಿದವರೂ ಎಚ್ ಖಂಡಿತ ಸಿಗುತ್ತೆ ಅಂದಿದ್ದರು, ಪರೀಕ್ಷಕರು ಬಾಗಿಲು ತೆಗೆದು ನೋಡಿ ಆಗಲ್ಲ ಅಂದುಬಿಟ್ಟರು. ಆಗ ಈ ವ್ಯಾನುಗಳಿಗೆ ಕ್ಯಾಂಪರ್ ಒಳಾಂಗಣ ಮಾಡಿಕೊಡುತ್ತಿದ್ದ ವೆಸ್ಟ್‌ಫಾಲಿಯಾ ಕಂಪನಿಯ ಆ ಕಾಲದ ಕಪಾಟುಗಳನ್ನು ಹುಡುಕಿ ಕೂರಿಸುವಷ್ಟರಲ್ಲಿ ನಾಲ್ಕು ತಿಂಗಳಾಯಿತು. ಗಾಡಿ ಹೊಸದಾಗಿದ್ದ ಮೊದಲ 10 ವರ್ಷದೊಳಗೆ ಮಾಡಿಸಿದ ಬದಲಾವಣೆಗೆ ಸಾಮಾನ್ಯವಾಗಿ ತಕರಾರಿಲ್ಲ, ಹಾಗಾಗಿ ಮಾರುವವರ ಹತ್ತಿರ ಹಳೇ ಬಿಲ್ಲು, ಫೋಟೋ ಏನಿದ್ದರೂ ಕೇಳಿ ಇಸಕೊಳ್ಳಿ. ಸಾಧ್ಯವಾದರೆ ಕೊಳ್ಳುವ ಮೊದಲೇ ಪರೀಕ್ಷಕರಿಗೆ ಒಳಗಿನ ಫೋಟೋ ತೋರಿಸಿಬಿಡಿ.

ಇಷ್ಟು ಕಷ್ಟ ಯಾಕೆ ಅಂದರೆ, ಎಚ್ ಇದ್ದರೆ ವರ್ಷಕ್ಕೆ ಒಂದೇ ತೆರಿಗೆ, 191.73 ಯೂರೋ. ಹೊಗೆ ಕಡಿಮೆ ಬಿಡುವ ಗಾಡಿಗಳಿಗೆ ಕೊಡುವ ಹಸಿರು ಸ್ಟಿಕ್ಕರ್ ಇಲ್ಲದಿದ್ದರೂ ಊರೊಳಗೆ ಓಡಿಸಬಹುದು. ಸ್ಟುಟ್‌ಗಾರ್ಟ್‌ನಲ್ಲಿ ಹಳೇ ಡೀಸೆಲ್ ಇಟ್ಟುಕೊಂಡವರಿಗೆ ಇದೇ ದೊಡ್ಡದು ಅಲ್ವಾ.

ಇನ್ಶೂರೆನ್ಸ್ ಮೊದಲು, ರಿಜಿಸ್ಟ್ರೇಷನ್ ಆಮೇಲೆ. ಇನ್ಶೂರೆನ್ಸ್ ಇದೆ ಅನ್ನುವುದಕ್ಕೆ ಕಂಪನಿ ಕೊಡುವ ಇಫಾವುಬೇ (eVB) ನಂಬರ್ ಇಲ್ಲದೆ ರಿಜಿಸ್ಟ್ರೇಷನ್ ಕಚೇರಿಯಲ್ಲಿ ಕೆಲಸವಾಗುವುದಿಲ್ಲ. ಸುಮ್ನೆ ಮಾಮೂಲಿ ಪಾಲಿಸಿ ಮಾಡಿಸಬೇಡಿ, ಹಳೇ ಗಾಡಿಗಳಿಗೆ ಅಂತಲೇ ಇರುವುದನ್ನು ಕೇಳಿ. ದಿನದ ಓಡಾಟಕ್ಕೆ ಬೇರೆ ಕಾರಿದೆಯಾ, ವರ್ಷಕ್ಕೆ ಎಷ್ಟು ಕಿಲೋಮೀಟರ್, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ ಅಂತೆಲ್ಲ ಕೇಳುತ್ತಾರೆ. ಇದ್ದದ್ದನ್ನೇ ಹೇಳಿ. ಗಾಡಿಯ ಬೆಲೆಗೆ ಬೇರೆಯದೇ ಒಂದು ವರದಿ ಮಾಡಿಸಿ, ಎಚ್ ವರದಿಯಲ್ಲಿ ಅದು ಇರುವುದಿಲ್ಲ. ಒಳಗಿನ ಸಾಮಾನು, ಮೇಲೇಳುವ ಛಾವಣಿ ಎಲ್ಲ ಅದರಲ್ಲಿ ಸೇರಿರಲಿ. ಈ ಗಾಡಿಗಳ ಬೆಲೆ ಏರಿದರೆ ಹಳೇ ವರದಿ ನಂಬಿ ಕೂರಬೇಡಿ.

ಬೇಸಿಗೆಗೆ ಮಾತ್ರ ಬೇಕಾದರೆ, 2017ರಿಂದ ಎಚ್ ಜೊತೆಗೇ ಸೀಸನ್ ನಂಬರ್, ಅಂದರೆ ವರ್ಷದ ಕೆಲವು ತಿಂಗಳಿಗೆ ಮಾತ್ರ ನಡೆಯುವ ನಂಬರ್ ಕೂಡ ಕೊಡುತ್ತಾರೆ, ತೆರಿಗೆ ಅಷ್ಟು ತಿಂಗಳಿಗೆ ಮಾತ್ರ. ಆದರೆ ಉಳಿದ ತಿಂಗಳು ರಸ್ತೆ ಬದಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ, ಸ್ವಂತ ಅಥವಾ ಬಾಡಿಗೆ ಜಾಗ ಬೇಕು. ಚಳಿಗಾಲಕ್ಕೆ ಜಾಗ ಗೊತ್ತು ಮಾಡಿಕೊಂಡೇ ಅದಕ್ಕೆ ಕೈ ಹಾಕಿ.