‘ತೆಗಿ ಅಂತ ಹೇಳೋಕೆ ಬಾಯಿ ಎಲ್ಲಿರುತ್ತೆ?’: ಬೈಪ್ಯಾಪ್ ಬೇಡವೆಂದವರ ಒಂದು ಪ್ರಕರಣ

ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಬೀರುವಿನಲ್ಲಿ, ಬರೀ ಆಕ್ಸಿಜನ್ ಕೊಡುವ ಕಾನ್ಸಂಟ್ರೇಟರ್ ಮಂಚದ ಪಕ್ಕದಲ್ಲಿ. ಸ್ನಾಯುಗಳ ಶಕ್ತಿ ಕುಂದಿಸುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆ ಅಥವಾ ಮಸ್ಕ್ಯುಲರ್ ಡಿಸ್ಟ್ರೋಫಿ ಇರುವವರ ಮನೆಗಳಲ್ಲಿ ಈ ಏರ್ಪಾಡು ಮತ್ತೆ ಮತ್ತೆ ಕಾಣುತ್ತದೆ. ಮನೆಯವರು ಇದನ್ನು ಪ್ರೀತಿಯಿಂದಲೇ ಮಾಡಿರುತ್ತಾರೆ, ಅದರಿಂದ ಕೆಡುಕೂ ಆಗುತ್ತಿರುತ್ತದೆ. ನಾನು ಸಲಹೆ ಕೊಟ್ಟ ಅಂಥ ಒಂದು ಮನೆಯ ವಿಷಯ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ.

ಅವರು ಐವತ್ತು ದಾಟಿದ ಕೃಷಿಕರು. ಕೈಗಳಿಂದ ಶುರುವಾದ ಎಎಲ್‌ಎಸ್, ಮೋಟಾರ್ ನ್ಯೂರಾನ್ ಕಾಯಿಲೆಯ ಒಂದು ಬಗೆ. ಮಾತು ತುಸು ತೊದಲುತ್ತಿತ್ತು, ನುಂಗಲು ತೊಂದರೆ ಇರಲಿಲ್ಲ, ಕೈ ಮಾತ್ರ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆಳಗ್ಗೆ ಎದ್ದರೆ ತಲೆನೋವು, ಹಗಲೆಲ್ಲ ತೂಕಡಿಕೆ. ಬ್ಲಡ್ ಗ್ಯಾಸ್ ಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡ್ 52 ಇತ್ತು. ಅದು 35ರಿಂದ 45ರೊಳಗೆ ಇರಬೇಕಾದದ್ದು. ವೈದ್ಯರು ಬೈಪ್ಯಾಪ್ ಬರೆದುಕೊಟ್ಟರು, ಮಗ ಕೊಂಡು ತಂದ. ಮೊದಲ ರಾತ್ರಿ ಹತ್ತು ನಿಮಿಷ ಹಾಕಿ ಗಾಬರಿಯಾಗಿ ತೆಗೆಸಿದವರು ಮತ್ತೆ ಮುಟ್ಟಗೊಡಲಿಲ್ಲ. ಬೆರಳಿನ ಮೀಟರ್ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 90 ತೋರಿಸುತ್ತಿದ್ದುದನ್ನು ಕಂಡು ಮಗ ಕಾನ್ಸಂಟ್ರೇಟರ್ ತಂದಿಟ್ಟ. ಅಂಕಿ 96ಕ್ಕೆ ಏರಿತು, ಮನೆಯವರಿಗೆ ಸಮಾಧಾನವಾಯಿತು. ತಲೆನೋವು, ತೂಕಡಿಕೆ ಮಾತ್ರ ಹೆಚ್ಚಾದವು.

ಈ ಕಾಯಿಲೆಯಲ್ಲಿ ಸೋಲುವುದು ಶ್ವಾಸಕೋಶವಲ್ಲ, ಅದನ್ನು ಹಿಗ್ಗಿಸುವ ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯು) ಮತ್ತು ಪಕ್ಕೆಲುಬಿನ ಸ್ನಾಯುಗಳು. ಒಳಗೆ ಹೋಗಿ ಹೊರಗೆ ಬರುವ ಗಾಳಿಯೇ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಉಳಿಯುತ್ತದೆ. ಬರೀ ಆಕ್ಸಿಜನ್ ಕೊಟ್ಟರೆ ಬೆರಳಿನ ಮೀಟರ್‌ನ ಅಂಕಿ ಏರುತ್ತದೆ, ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ. ಉಸಿರಾಡು ಎಂದು ಮಿದುಳಿಗೆ ಬರುವ ಸೂಚನೆಯೂ ಮಂದವಾಗಿ ಅದು ಇನ್ನಷ್ಟು ಏರಬಹುದು. ಆ ಮೀಟರ್‌ಗೆ ಡೈಆಕ್ಸೈಡ್ ಕಾಣುವುದೇ ಇಲ್ಲ. ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ ಸಿಒಪಿಡಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಕೆಲವರಿಗೆ ಆಕ್ಸಿಜನ್ ಬೇಕೇ ಬೇಕು, ಆದರೂ ಡೈಆಕ್ಸೈಡ್ ಏರುವವರಲ್ಲಿ ಸ್ಯಾಚುರೇಶನ್ 88ರಿಂದ 92ರೊಳಗೆ ಸಾಕು ಎನ್ನುತ್ತಾರೆ. ಅಕ್ಕಪಕ್ಕದ ಮನೆಯ ಸಿಒಪಿಡಿ ರೋಗಿಯನ್ನು ನೋಡಿ ಎಎಲ್‌ಎಸ್ ಇರುವವರಿಗೆ ಆಕ್ಸಿಜನ್ ಹಚ್ಚಬಾರದು.

ಇದನ್ನೆಲ್ಲ ವೈದ್ಯರು ಒಮ್ಮೆ, ನಾನೊಮ್ಮೆ ಹೇಳಿಯಾಗಿತ್ತು. ಅವರು ತಲೆಯಾಡಿಸಿ "ಬೇಡ" ಎನ್ನುತ್ತಿದ್ದರು. "ಅಪ್ಪನಿಗೆ ಹಠ" ಎಂದ ಮಗ. ಎರಡನೇ ಭೇಟಿಯಲ್ಲಿ ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಆ ಮೊದಲ ರಾತ್ರಿ ಏನಾಯಿತೆಂದು ಕೇಳಿದೆ. ಮಾತು ಮುಗಿಯುವವರೆಗೆ ಕಾಯಬೇಕಾಯಿತು. ಅವರು ಹೇಳಿದ್ದು ಇಷ್ಟು:

"ಹಾಕಿದ ಮೇಲೆ ತೆಗಿ ಅಂತ ಹೇಳೋಕೆ ಬಾಯಿ ಎಲ್ಲಿರುತ್ತೆ ಮೇಡಂ? ಕೈಯಂತೂ ಇಲ್ಲ."

ಹೆಂಡತಿ ಅಳುತ್ತಾ ಹೇಳಿದರು: "ಇವ್ರು ತಲೆ ಅಲ್ಲಾಡಿಸ್ತಾ ಇದ್ರು. ಅಭ್ಯಾಸ ಆಗ್ಲಿ, ಇನ್ನೈದು ನಿಮಿಷ ತಡ್ಕೊಳ್ಳಿ ಅಂತ ನಾವೇ ಹಿಡ್ಕೊಂಡಿದ್ವಿ." ಇನ್ನೊಂದು ಸಂಗತಿಯೂ ಆಗ ಹೊರಬಿತ್ತು. ಮಾಸ್ಕಿನ ಮುಂದಿನ ಸಣ್ಣ ತೂತುಗಳಿಂದ ಸುಯ್ಯೆಂದು ಗಾಳಿ ಬರುವುದನ್ನು ನೋಡಿ, ಸೋರುತ್ತಿದೆ ಎಂದುಕೊಂಡು ಅದಕ್ಕೆ ಪ್ಲಾಸ್ಟರ್ ಹಚ್ಚಿದ್ದರು. ಬಿಟ್ಟ ಉಸಿರು ಹೊರಗೆ ಹೋಗುವ ದಾರಿಯೇ ಆ ತೂತುಗಳು. ಅವನ್ನು ಮುಚ್ಚಿದರೆ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಅವರು ಗಾಬರಿಯಾದದ್ದಕ್ಕೆ ಸರಿಯಾದ ಕಾರಣವಿತ್ತು.

ಹಾಗಾಗಿ ನನ್ನ ಮೊದಲ ಸಲಹೆ ಯಂತ್ರದ ಬಗ್ಗೆ ಆಗಿರಲಿಲ್ಲ. ಅವರು ಸನ್ನೆ ಮಾಡಿದ ಕ್ಷಣ ಮಾಸ್ಕ್ ತೆಗೆಯಬೇಕು, ಯಾಕೆಂದು ಕೇಳಬಾರದು, "ಇನ್ನೈದು ನಿಮಿಷ" ಎಂಬ ಮಾತೇ ಬೇಡ ಎಂದೆ. ನಾಲಿಗೆಯಿಂದ ಎರಡು ಸಲ ಲೊಚ್ಚೆನ್ನುವುದು ಅವರೇ ಆರಿಸಿದ ಸನ್ನೆ. ರಾತ್ರಿಗೆ ಕಾಲ್ಬೆರಳಿನಿಂದ ಒತ್ತುವ ದೊಡ್ಡ ಗುಂಡಿಯ ಕರೆಗಂಟೆ. ಕಾಲಿನ ಶಕ್ತಿ ಕುಂದಿದರೆ ಅದನ್ನು ತಲೆಯ ಪಕ್ಕಕ್ಕೆ ಸರಿಸಬಹುದು.

ಮಗ ಒಪ್ಪಲಿಲ್ಲ. "ಹಾಗಾದ್ರೆ ದಿನಾ ತೆಗೆಸ್ತಾರೆ ಮೇಡಂ, ಚಿಕಿತ್ಸೆ ಆಗೋದು ಹೇಗೆ?" ಇದೇ ಆಕ್ಷೇಪವನ್ನು ಕೆಲವು ವೈದ್ಯರಿಂದಲೂ ಕೇಳಿದ್ದೇನೆ. ನನ್ನ ನಿಲುವು ಬದಲಾಗಿಲ್ಲ. ತೆಗೆಯುತ್ತಾರೆಂಬ ನಂಬಿಕೆ ಬಂದವರೇ ಹಾಕಿಸಿಕೊಳ್ಳುತ್ತಾರೆ. ಇದರಲ್ಲಿ ಬರೀ ಮರುಕವಿಲ್ಲ, ಸುರಕ್ಷತೆಯೂ ಇದೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನೊಳಗೆ ವಾಂತಿಯಾದರೆ ಕೈ ಏಳದವರ ಶ್ವಾಸಕೋಶಕ್ಕೆ ಅದು ಇಳಿಯಬಹುದು. ಸನ್ನೆ ಮಾಡಿದರೂ ಕಾದು ನೋಡುವ ಮನೆ ಅಂಥವರಿಗೆ ಅಪಾಯ. ಒಂದು ಎಚ್ಚರಿಕೆ: ಈ ನಿಯಮ ರಾತ್ರಿ ಮಾತ್ರ ಯಂತ್ರ ಬೇಕಾದವರಿಗೆ. ದಿನವಿಡೀ ಅದರ ಮೇಲೆಯೇ ಇರುವವರಿಗೆ ಮಾಸ್ಕ್ ತೆಗೆದ ಕೂಡಲೇ ಇನ್ನೊಂದು ಮಾಸ್ಕ್ ಅಥವಾ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಕೈಗೆ ಸಿಗುವಂತಿರಬೇಕು.

ಮುಂದಿನದನ್ನು ವೈದ್ಯರೊಡನೆ ಮಾತಾಡಿ ಗೊತ್ತುಮಾಡಿದೆವು. ಮಾತಾಡಲು ಬಾಯಿ ಬಿಡುವಿರಲೆಂದು ಮೂಗಿನ ಮಾಸ್ಕ್. ನಿದ್ದೆಯಲ್ಲಿ ಬಾಯಿ ತೆರೆದು ಗಾಳಿ ಸೋರಿದರೆ ಗಲ್ಲದ ಪಟ್ಟಿ. ಮೊದಲು ಹಗಲಲ್ಲಿ, ಕುಳಿತು, ಟಿವಿ ನೋಡುತ್ತಾ. ಪಟ್ಟಿ ಬಿಗಿಯದೆ ಹೆಂಡತಿ ಮಾಸ್ಕನ್ನು ಮುಖಕ್ಕೆ ಹಿಡಿಯುವುದು, ಹತ್ತು ಹದಿನೈದು ನಿಮಿಷ. ಅದು ಹಿತವಾದ ಮೇಲೆ ಪಟ್ಟಿ, ಆಮೇಲೆ ಮಧ್ಯಾಹ್ನದ ನಿದ್ದೆ, ಕೊನೆಗೆ ರಾತ್ರಿ. ಒತ್ತಡವನ್ನು ಉಸಿರು ಒಳಗೆಳೆಯುವಾಗ 8, ಬಿಡುವಾಗ 4ರಿಂದ ಶುರುಮಾಡಿ ವೈದ್ಯರು ನಿಧಾನವಾಗಿ ಏರಿಸಿದರು. ಮೊದಲೇ 16ಕ್ಕೆ ಇಟ್ಟರೆ ಗಾಳಿ ಮುಖಕ್ಕೆ ಹೊಡೆದಂತಾಗಿ, ಹೊಟ್ಟೆಯುಬ್ಬರವೂ ಬಂದು ಜನ ಓಡಿಹೋಗುತ್ತಾರೆ. ರಾತ್ರಿಗೆ ಕನಿಷ್ಠ 4 ಗಂಟೆ ಗುರಿ. ಊಟವಾಗಿ ಒಂದು ಗಂಟೆಯಾದರೂ ಕಳೆದಿರಬೇಕು. ನಿದ್ದೆ ಮಾತ್ರೆಯನ್ನು ಕೇಳದೆ ಕೊಡಕೂಡದು, ಅದು ಉಸಿರನ್ನು ಇನ್ನೂ ತಗ್ಗಿಸುತ್ತದೆ.

ಪಟ್ಟಿಯಡಿ ಎರಡು ಬೆರಳು ತೂರಬೇಕು. ಮೂಗಿನ ಮೇಲೆ ಹುಣ್ಣಾಗುವುದು ಬಿಗಿತದಿಂದಲೇ, ಚರ್ಮ ಕೆಂಪಾದ ದಿನವೇ ತೆಳು ಹೈಡ್ರೋಕೊಲಾಯ್ಡ್ ಪಟ್ಟಿ (ಚರ್ಮ ಕಾಯುವ ಮೆತ್ತನೆಯ ಅಂಟುಪಟ್ಟಿ) ಹಚ್ಚಿದರೆ ಉಳಿಯುತ್ತದೆ. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್‌ಗೆ ಡಿಸ್ಟಿಲ್ಡ್ ವಾಟರ್, ದಿನವೂ ಬದಲಿಸಿ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ನಡೆಸುವುದಾದರೆ ಹ್ಯುಮಿಡಿಫೈಯರ್ ಆಫ್ ಮಾಡಿ, ಹೆಚ್ಚು ಕರೆಂಟ್ ಎಳೆಯುವುದು ಅದರ ಬಿಸಿ. ಕೊಳ್ಳುವವರು ಕೇಳಬೇಕಾದ ಒಂದು ಪ್ರಶ್ನೆ: ಎಸ್‌ಟಿ ಮೋಡ್ ಇದೆಯೇ? ರೋಗಿಯ ಉಸಿರು ನಿಂತರೆ ಅಥವಾ ಯಂತ್ರಕ್ಕೆ ತಿಳಿಯದಷ್ಟು ಕ್ಷೀಣವಾದರೆ ತಾನೇ ಉಸಿರು ಕೊಡುವ ಏರ್ಪಾಡು ಅದು. ಅಗ್ಗವೆಂದು, ಒಂದೇ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ತಂದರೆ ಈ ಕಾಯಿಲೆಗೆ ಪ್ರಯೋಜನವಿಲ್ಲ.

ಮೂರನೇ ಭೇಟಿಗೆ ಬಂದಾಗ ರಾತ್ರಿ ಐದು ಗಂಟೆ ಹಾಕಿಕೊಳ್ಳುತ್ತಿದ್ದರು, ಬೆಳಗಿನ ತಲೆನೋವು ಹೋಗಿತ್ತು. ಆಗ ಅವರಾಗಿಯೇ ದೊಡ್ಡ ಪ್ರಶ್ನೆ ಕೇಳಿದರು: ಮುಂದೊಂದು ದಿನ ಗಂಟಲಿಗೆ ತೂತು ಹಾಕಿ ವೆಂಟಿಲೇಟರ್‌ಗೆ ಹಾಕಿದರೆ, ಅದನ್ನು ತೆಗಿ ಎನ್ನುವ ಹಕ್ಕು ನನಗಿದೆಯೇ? ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕಾಗಿ ಮುಂಗಡ ವೈದ್ಯಕೀಯ ನಿರ್ದೇಶನವನ್ನು (ಮುಂದೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರ) ಮಾನ್ಯ ಮಾಡಿತು, 2023ರಲ್ಲಿ ಕ್ರಮ ಸರಳವಾಯಿತು. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಬೈಪ್ಯಾಪನ್ನೇ ಬೇಡವೆನ್ನುವ ಹಕ್ಕೂ ಅವರದು, ಆಗ ಸಂಕಟಕ್ಕೆ ಕಡಿಮೆ ಪ್ರಮಾಣದ ಮಾರ್ಫಿನ್ ಸಹಿತ ಉಪಶಾಮಕ ಆರೈಕೆ ಉಂಟು. ಇದನ್ನು ಹೇಳಿದರೆ ರೋಗಿ ಧೈರ್ಯಗೆಡುತ್ತಾನೆ ಎನ್ನುವವರಿದ್ದಾರೆ. ಈ ಮನೆಯಲ್ಲಿ ಅದನ್ನು ಹೇಳಿದ ಮೇಲೆಯೇ ಅವರು ಐದು ಗಂಟೆಯಿಂದ ಇಡೀ ರಾತ್ರಿಗೆ ಹೋದರು.

ಕಾನ್ಸಂಟ್ರೇಟರ್ ಮಾರಿದರು. ಯಂತ್ರದ ಬೆನ್ನಿಗೆ ಈಗ ಒಂದು ಚೀಟಿ ಅಂಟಿಸಿದೆ: ಕಾಯಿಲೆಯ ಹೆಸರು, ಮೋಡ್, ಒತ್ತಡದ ಅಂಕಿಗಳು, ನೋಡುವ ವೈದ್ಯರ ಫೋನ್, ಕೆಳಗೆ ದಪ್ಪಕ್ಷರದಲ್ಲಿ "ಬರೀ ಆಕ್ಸಿಜನ್ ಕೊಡಬೇಡಿ, ಬೈಪ್ಯಾಪ್ ಜೊತೆಗೇ ಕೊಡಿ, ಬ್ಲಡ್ ಗ್ಯಾಸ್ ನೋಡಿ". ಕಫ ಕಟ್ಟಿ ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದರೆ ಯಂತ್ರ, ಮಾಸ್ಕ್, ಆ ಚೀಟಿ ಮೂರೂ ರೋಗಿಯ ಜೊತೆಗೇ ಹೋಗಬೇಕೆಂದು ಮಗನಿಗೆ ಹೇಳಿದ್ದೇನೆ.